ಕಾದ ಕಲ್ಲಿನ ಮೇಲೆ ಹತ್ತು ನಿಮಿಷ

ನನ್ನನ್ನು ನೋಡಲು ಬಂದವರಲ್ಲಿ, ಮುಖಕ್ಕಿಂತ ಮೊದಲು ಕಾಲು ನೋಡಿ ನಾನು ಒಪ್ಪಿದ್ದು ಒಬ್ಬರನ್ನೇ. ಆ ಕಾಲನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ಹಿಂದೂಪುರದ ಒಂದು ಶುಗರ್ ಕ್ಲಿನಿಕ್ಕಿನಲ್ಲಿ ನನ್ನ ಕೆಲಸವೇ ಕಾಲು ನೋಡುವುದು. ಸಕ್ಕರೆ ಕಾಯಿಲೆಯವರ ಅಂಗಾಲು, ಬೆರಳ ಸಂದಿ, ಹಿಮ್ಮಡಿ. ಹುಣ್ಣಿದ್ದರೆ ಅದು ಎಷ್ಟು ಅಗಲ, ಎಷ್ಟು ಆಳ, ಕೀವಿದೆಯೋ ಇಲ್ಲವೋ, ಮೂಳೆ ಮುಟ್ಟಿದೆಯೋ ಇಲ್ಲವೋ ನೋಡಿ ಸೊನ್ನೆಯಿಂದ ಐದರವರೆಗೆ ಒಂದು ಗ್ರೇಡ್ ಬರೆಯುತ್ತೇವೆ. ಸೊನ್ನೆ ಎಂದರೆ ಚರ್ಮ ಇನ್ನೂ ಒಡೆದಿಲ್ಲ. ಐದು ಎಂದರೆ ಪಾದವೇ ಉಳಿಯುವುದಿಲ್ಲ. ಏಳು ವರ್ಷದಿಂದ ಇದೇ ಕೆಲಸ ಮಾಡಿ ಮಾಡಿ, ಬೀದಿಯಲ್ಲಿ ಯಾರಾದರೂ ಎದುರಾದರೆ ಚಪ್ಪಲಿ ಯಾವ ಕಡೆ ಸವೆದಿದೆ ಅಂತ ಮೊದಲು ನೋಡುವುದು ಅಭ್ಯಾಸವಾಗಿಬಿಟ್ಟಿದೆ. "ಮುಖ ಎತ್ತಿ ಮಾತಾಡೇ ವಾಣಿ, ಜನ ಏನಂದ್ಕಂಡಾರು" ಎಂದು ಅಮ್ಮ ರಂಗಲಕ್ಷ್ಮಮ್ಮ ಬೈಯುವುದು ಇನ್ನೂ ನಿಂತಿಲ್ಲ.

ಅದಕ್ಕೂ ಮುಂಚೆ ಎರಡು ಸಂಬಂಧ ಬಂದು ಹೋಗಿದ್ದವು. "ಹುಡುಗಿ ಹುಣ್ಣು ತೊಳೆಯೋ ಕೆಲಸ ಬಿಡ್ತಾಳಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಕೇಳಲೂ ಇಲ್ಲ, ನಾನು ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದರು. ಹಾಗಾಗಿ ಕಲ್ಯಾಣದುರ್ಗದ ಸಂಬಂಧ ಬಂದಾಗ ನಾನು ಆಸೆಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಯೇ ಹೊರಟಿದ್ದೆ.

ಹುಡುಗನ ಹೆಸರು ಜಯಚಂದ್ರ. ವಯಸ್ಸು ಮೂವತ್ತಮೂರು. ಬೋರ್‌ವೆಲ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುವ ಸಣ್ಣ ಅಂಗಡಿ. ತಂದೆ ಇಲ್ಲ, ತಾಯಿ ಉಮಾದೇವಿ. ಇಷ್ಟನ್ನು ಹೇಳಿದವರು ಬ್ರೋಕರ್ ಸುಬ್ಬರಾಯಪ್ಪ. ನಮ್ಮ ಕಡೆ ಸಂಬಂಧದ ಮಾತನ್ನು ಎರಡು ಮನೆಯವರು ನೇರವಾಗಿ ಆಡುವುದಿಲ್ಲ. ಒಳ್ಳೆಯದು, ಕೆಟ್ಟದ್ದು ಎಲ್ಲವೂ ಮಧ್ಯಸ್ಥರ ಬಾಯಿಂದಲೇ ದಾಟಬೇಕು. ನೇರ ಕೇಳಿದರೆ ಅನುಮಾನಪಟ್ಟ ಹಾಗೆ, ನೇರ ಹೇಳಿದರೆ ಮರ್ಯಾದೆ ಬಿಟ್ಟ ಹಾಗೆ. ಆ ಪದ್ಧತಿಯಲ್ಲಿ ತಪ್ಪೇನೂ ನನಗೆ ಆಗ ಕಂಡಿರಲಿಲ್ಲ.

ಲೇಪಾಕ್ಷಿ ಗುಡಿಯಲ್ಲಿ ಹೆಣ್ಣು ನೋಡುವುದು ಎಂದಾಯಿತು.

ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಪ್ರಾಕಾರದ ಹಾಸುಗಲ್ಲು ರೊಟ್ಟಿ ಹೆಂಚಿನಂತೆ ಕಾದಿತ್ತು. ಅಪ್ಪ ಪಂಚೆ ಎತ್ತಿಕೊಂಡು ಕುಪ್ಪಳಿಸಿದರು. ಅಮ್ಮ "ಅಯ್ಯೋ ದೇವುಡಾ" ಎಂದು ಓಡಿದಳು. ಉಮಾದೇವಿಯಮ್ಮನೂ ಸೆರಗು ಸಿಕ್ಕಿಸಿ ಓಡಿ ಮಂಟಪದ ನೆರಳು ಸೇರಿದರು. ನಾನು ಆ ಮಂಟಪದ ಅಂಚಿನಲ್ಲಿ, ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕೂತಿದ್ದೆ.

ಜಯಚಂದ್ರ ಮಾತ್ರ ಓಡಲಿಲ್ಲ. ಬರಿಗಾಲಲ್ಲಿ ನಿಧಾನಕ್ಕೆ ನಡೆದು ಬಂದು, ನನ್ನಿಂದ ಎರಡು ಹೆಜ್ಜೆ ದೂರದಲ್ಲಿ, ಬಿಸಿಲಲ್ಲೇ ನಿಂತರು.

ಎತ್ತರದ ಆಳು. ತೋಳು ಮಡಿಸಿದ ನೀಲಿ ಶರ್ಟು. ಅವರ ನೋಟ ನನ್ನ ಮುಖದ ಮೇಲೆ ಬಂದು, ಸಿಕ್ಕಿಬಿದ್ದ ಹಾಗೆ ಜುಮಕಿಗೆ ಜಾರಿ, ಅಲ್ಲಿಂದ ಕಂಬದ ಮೇಲಿನ ಹಂಸಕ್ಕೆ ಹಾರಿ, ಹಂಸವನ್ನು ಪೂರ್ತಿ ನೋಡಿ ಮುಗಿಸಿದ ಮೇಲೆ ಮೆಲ್ಲಗೆ ಮತ್ತೆ ನನ್ನ ಹತ್ತಿರ ಬಂತು. ನಾನು ಕಾಯುತ್ತಲೇ ಇದ್ದೆ. ನಕ್ಕೆ.

"ನೀವು ಕಾಲು ನೋಡ್ತೀರಂತೆ" ಎಂದರು.

"ಹೂಂ. ಮುಖ ನೋಡೋರು ಬೇಕಾದಷ್ಟು ಜನ ಇದ್ದಾರೆ. ಕಾಲು ನೋಡೋರೇ ಕಮ್ಮಿ."

"ಅಲ್ಲಿ ಬಂಡೆ ಮೇಲೆ ದೊಡ್ಡ ಪಾದದ ಗುರುತು ಐತಲ್ಲ, ಸೀತಮ್ಮಂದು ಅಂತಾರೆ. ಯಾವಾಗ್ಲೂ ನೀರು ಒಸರ್ತಾ ಇರ್ತೈತೆ. ಅದಕ್ಕೇನು ಚೀಟಿ ಬರೀತೀರಾ?"

"ಒಸರೋ ಪಾದಕ್ಕೆ ಮೊದ್ಲು ಎಕ್ಸ್-ರೇ. ಆಮೇಲೆ ಚೀಟಿ."

"ದೇವ್ರನ್ನೂ ಬಿಡಲ್ಲ ನೀವು!"

"ಚಪ್ಪಲಿ ಬಿಚ್ಚಿದ್ರೆ ಯಾರನ್ನೂ ಬಿಡಲ್ಲ."

ತಲೆ ಹಿಂದಕ್ಕೆ ಹಾಕಿ ನಕ್ಕರು. ಹಣೆಯ ಬೆವರು ಹುಬ್ಬಿಗಿಳಿದರೂ ಒರೆಸಿಕೊಳ್ಳಲಿಲ್ಲ. ಬನ್ನಿ ನೆರಳಿಗೆ ಎಂದು ನಾನು ಕರೆಯಬಹುದಿತ್ತು. ಪಕ್ಕದಲ್ಲಿ ಇನ್ನಿಬ್ಬರು ಕೂರುವಷ್ಟು ಜಾಗವಿತ್ತು. ಕರೆಯಲಿಲ್ಲ. ನೋಡೋಣ, ನನಗೋಸ್ಕರ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಹೊಟ್ಟೆಯೊಳಗೆ ಒಂದು ತುಂಟತನ. ಬೇಕೆಂದೇ ಮಾತು ಬೆಳೆಸಿದೆ. ಅಂಗಡಿ ಎಲ್ಲಿ, ಎಷ್ಟು ಮೋಟರ್ ಬರುತ್ತವೆ, ಆ ಕಡೆಯ ಬೆಳುಗುಪ್ಪದ ರೈತರು ಜಗಳಗಂಟರಂತೆ ಹೌದಾ, ಎಲ್ಲವನ್ನೂ ಕೇಳಿದೆ. ಮನೆಯಿಂದ ತಂದಿದ್ದ ಡಬ್ಬಿಯಿಂದ ಒಂದು ಚಮಚ ಕೇಸರಿಬಾತ್ ಹಾಕಿ, ಕೈ ಚಾಚಿ ಕೊಟ್ಟೆ. ನಿಂತಲ್ಲೇ ತಿಂದರು. ಹತ್ತು ನಿಮಿಷ ಆಗಿತ್ತು. ನಾನು ವಾಚು ನೋಡಿದ್ದೆ.

ಕೊನೆಗೆ ಅಪ್ಪನೇ ಮಂಟಪದಿಂದ ಕೂಗಿದರು. "ಏನಪ್ಪಾ, ಕಾಲು ಸುಡಲ್ವೇನಪ್ಪಾ?"

ಜಯಚಂದ್ರ ಬಗ್ಗಿ ತಮ್ಮ ಪಾದ ನೋಡಿಕೊಂಡರು. ಕಲ್ಲು ನೋಡಿದರು. ನಾಚಿಕೊಂಡು, "ಗೊತ್ತೇ ಆಗ್ಲಿಲ್ಲ ಸಾರ್" ಎಂದರು.

ಮಂಟಪವೆಲ್ಲ ನಗೆ. "ಹುಡುಗ ಬಿದ್ಬುಟ್ಟ ಕಣೇ" ಎಂದು ಅಪ್ಪ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಬೀರುವಿನ ಬೀಗ ತಾನಾಗಿ ತೆರೆದುಕೊಂಡಿತು. ನಾನು ಅಲ್ಲೇ, ಆ ಕ್ಷಣವೇ ಒಪ್ಪಿಬಿಟ್ಟೆ.

ಜೂನ್ ಮೊದಲ ವಾರಕ್ಕೆ ಮದುವೆ ಗೊತ್ತಾಯಿತು. ಅಲ್ಲಿಯವರೆಗೆ ಫೋನು.

ಸಂಜೆ ತಾರಸಿಯ ಮೇಲೆ ಒಣಗಿದ ಬಟ್ಟೆ ತೆಗೆಯುವ ನೆಪ. ಒಂದು ಬಕೆಟ್ ಬಟ್ಟೆ ತೆಗೆಯಲು ನನಗೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಅವರ ಕಡೆಯಿಂದ ತಾಮ್ರದ ತಂತಿ ಸುತ್ತುವ ಯಂತ್ರದ ಕಿರ್‌ಕಿರ್, ನನ್ನ ಕಡೆಯಿಂದ ಅಮ್ಮನ ಕೂಗು.

"ಆವತ್ತು ನಿಜವಾಗ್ಲೂ ಕಾಲು ಸುಡ್ಲಿಲ್ವಾ?" ಅಂತ ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದೆ.

"ಇಲ್ಲ ಕಣ್ರೀ."

"ಸುಳ್ಳು."

"ನಮ್ಮಮ್ಮನಾಣೆಗೂ ಇಲ್ಲ."

ಆ ಮಾತನ್ನು ಕೇಳಲೆಂದೇ ನಾನು ಕೇಳುತ್ತಿದ್ದದ್ದು. ಕೇಳಿಸಿಕೊಂಡು ಒಗೆದ ಬೆಡ್‌ಶೀಟನ್ನು ಎದೆಗವಚಿಕೊಳ್ಳುತ್ತಿದ್ದೆ. ಇಪ್ಪತ್ತೆಂಟು ವರ್ಷದ ಹೆಂಗಸು, ನಾಚಿಕೆಯಾಗಬೇಕು.

ಒಮ್ಮೆ ಅವರು ದನಿ ತಗ್ಗಿಸಿ ಹೇಳಿದರು. "ಎಲ್ಲಾ ಗೊತ್ತಿದ್ದೂ ಒಪ್ಪಿದ್ರಲ್ಲ, ನಂಗಿನ್ನೂ ನಂಬಿಕೆ ಬರಲ್ಲ. ನಮ್ಮಮ್ಮ ದಿನಾ ನಿಮ್ ಹೆಸ್ರಲ್ಲಿ ದೀಪ ಹಚ್ತಾಳೆ."

"ಅದರಲ್ಲೇನು? ಗೊತ್ತಿದ್ದೇ ಒಪ್ಪಿದ್ದು" ಎಂದೆ ನಾನು, ಉದಾರವಾಗಿ. ಸಣ್ಣ ಅಂಗಡಿ, ವಾರ್ನಿಷ್ ಮೆತ್ತಿದ ಕೈ, ತಂದೆಯಿಲ್ಲದ ಮನೆ, ಇಷ್ಟನ್ನೇ ಅವರು ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಮೇ ಕೊನೆಯ ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಚೌಡಕ್ಕ ಬಂದಿದ್ದಳು. ಲೇಪಾಕ್ಷಿ ಕಡೆಯ ಹಳ್ಳಿಯವಳು, ಹೊಲದ ಕೆಲಸ, ಶುಗರ್ ಬಂದು ಎಂಟು ವರ್ಷ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಾನು ಎಲ್ಲರಿಗೂ ಹೇಳುವ ಮಾತನ್ನೇ ಹೇಳುತ್ತಿದ್ದೆ. ಕಂಠಪಾಠ. ಕೈ ಒಂದು ಕಡೆ, ಬಾಯಿ ಒಂದು ಕಡೆ.

"ಕಾಲಿನ ಸ್ಪರ್ಶ ಹೋಗಿರೋದು ಕಾಲಿರೋರಿಗೇ ಗೊತ್ತಾಗಲ್ಲ ಚೌಡಕ್ಕ. ನೋವಿಲ್ಲ ಅಂತ ಖುಷಿಯಾಗಿರ್ತಾರೆ. ಮುಳ್ಳು ಚುಚ್ಚಿದ್ರೂ ತಿಳಿಯಲ್ಲ, ಚಪ್ಪಲಿ ಕಳಚಿ ಹಿಂದೆ ಬಿದ್ರೂ ತಿಳಿಯಲ್ಲ. ಕಾದ ಕಲ್ಲಿನ ಮೇಲೆ ಎಲ್ಲರೂ ಕುಪ್ಪಳಿಸ್ತಾ ಓಡ್ತಿದ್ರೆ, ಒಬ್ರು ಮಾತ್ರ ನಿಂತ ಕಡೆನೇ ನಿಂತಿರ್ತಾರೆ ನೋಡು, ಅವ್ರು..."

ಬಾಯಿ ನಿಂತುಹೋಯಿತು.

"ಅವ್ರು ಏನು ಸಿಸ್ಟರಮ್ಮ?" ಎಂದಳು ಚೌಡಕ್ಕ.

ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು. ಏಳು ವರ್ಷದಲ್ಲಿ ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಆ ಮಾತೇ ನೀಲಿ ಶರ್ಟು ಹಾಕಿಕೊಂಡು ಬಂದು ನನ್ನೆದುರು ಹತ್ತು ನಿಮಿಷ ನಿಂತಿತ್ತು, ನಾನು ಜುಮಕಿ ಅಲ್ಲಾಡಿಸುತ್ತ ಕೂತಿದ್ದೆ. ದೀಪದ ಬುಡ ಕತ್ತಲು ಅಂತಾರಲ್ಲ, ಅದು ನಾನೇ.

"ಸಿಸ್ಟರಮ್ಮ, ನೀರು ಕುಡೀತೀಯಾ? ಏಮಾಯಿಂದಿ?" ಗಾಬರಿಯಾದರೆ ಚೌಡಕ್ಕನಿಗೆ ತೆಲುಗು ಬರುತ್ತದೆ.

"ಏನೂ ಇಲ್ಲಕ್ಕ. ಕಾಲು ಒರೆಸ್ತೀನಿ ಇರು."

ಫೋನು ಕೈಗೆತ್ತಿಕೊಂಡವಳು ಹಾಗೇ ಇಟ್ಟೆ. ಕೇಳಿದರೆ ಇಲ್ಲ ಅಂದುಬಿಟ್ಟರೆ? ನಾನೂ ನಂಬಿಬಿಟ್ಟರೆ? ಬಾಯಿ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ. ಅರ್ಧ ದಿನ ರಜೆ ಬರೆದುಕೊಟ್ಟು, ಸ್ಪರ್ಶ ನೋಡುವ ಕಡ್ಡಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಪೆನ್ನಿನಂಥ ಹಿಡಿಯ ತುದಿಗೆ ಮೀನಿನ ಗಾಳದ ದಾರದಷ್ಟು ಸಣ್ಣ ನೈಲಾನ್ ಎಳೆ. ಅಷ್ಟೇ ಅದು. ಮನೆಗೆ ಹೇಳದೆ ಬಸ್ ಹತ್ತಿದೆ. ಮದುವೆ ಗೊತ್ತಾದ ಹುಡುಗಿ ಒಬ್ಬಳೇ ಗಂಡಿನ ಊರಿಗೆ ಹೋಗುವುದೆಂದರೆ ಏನು ಅಂತ ಗೊತ್ತಿತ್ತು. ಮಡಕಶಿರಾ ದಾಟಿತು, ಪಾವಗಡ ದಾಟಿತು. ದಾರಿಯುದ್ದಕ್ಕೂ ಒಂದೇ ಬೇಡಿಕೆ. ಸ್ವಾಮಿ, ಆವತ್ತು ಅವರು ಬರೀ ಜಂಭಕ್ಕೆ ನಿಂತಿರಲಿ. ಕಾಲು ಸುಟ್ಟರೂ ಹಲ್ಲು ಕಚ್ಚಿಕೊಂಡು ನಿಂತಿರಲಿ. ಸುಳ್ಳುಗಾರರಾಗಿರಲಿ.

ಅಂಗಡಿಯಲ್ಲಿ ಅವರೊಬ್ಬರೇ ಇದ್ದರು. ಸುತ್ತಲೂ ಬಿಚ್ಚಿದ ಮೋಟರ್‌ಗಳು, ಹೊಟ್ಟೆಯಿಂದ ಹೊರಗೆ ಬಂದ ಸುಟ್ಟ ತಂತಿ, ವಾರ್ನಿಷ್ ವಾಸನೆ. ನನ್ನನ್ನು ಕಂಡವರೇ ಎದ್ದು ನಿಂತರು. ಮುಖವಿಡೀ ಬೆಳಗಿತು. ಆ ಬೆಳಕನ್ನು ನೋಡಲಾಗದೆ ನಾನು ಅವರ ಕಾಲು ನೋಡಿದೆ. ಕರಿ ಶೂ.

"ಇದೇನ್ರೀ, ಹೇಳ್ದೆ ಕೇಳ್ದೆ ಬಂದ್ಬುಟ್ರಿ! ಯಾರಾದ್ರೂ ನೋಡಿದ್ರೆ?"

"ನೋಡ್ಲಿ. ಶೂ ಬಿಚ್ಚಿ."

"ಏನು?"

"ಬಲಗಾಲು. ಶೂ ಬಿಚ್ಚಿ, ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ."

ನಕ್ಕರು. ನಾನು ನಗದೇ ಇದ್ದದ್ದನ್ನೂ ಆಟವೆಂದೇ ತಿಳಿದು ಕೂತರು. "ಚಪ್ಪಲಿ ಬಿಚ್ಚಿದ್ರೆ ಬಿಡಲ್ಲ ಅಂದಿದ್ರಿ. ಈಗ ಅಂಗಡಿಗೇ ಬಂದು ಬಿಚ್ಚಿಸ್ತಾ ಇದೀರಿ."

"ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ. ಅಷ್ಟೇ."

ಅವರು ಕಣ್ಣು ಮುಚ್ಚಿದರು. ರೆಪ್ಪೆ ಅದುರುತ್ತಿತ್ತು, ತುಟಿಯ ಕೊನೆಯಲ್ಲಿ ನಗು ಕಾದು ಕೂತಿತ್ತು. ಹೆಂಡತಿಯಾಗುವವಳು ಮೊದಲ ಸಲ ಮುಟ್ಟುತ್ತಾಳೆಂದು ಒಬ್ಬ ಗಂಡಸು ಹೇಗೆ ಕಾಯುತ್ತಾನೆ ಅಂತ ನಾನು ಆವತ್ತು ನೋಡಿದೆ. ಅವರ ಕಾಲು ತೊಡೆಯ ಮೇಲಿಟ್ಟುಕೊಂಡು ಸಾಕ್ಸ್ ಕೆಳಗೆ ಸರಿಸಿದೆ. ಅಂಗಾಲಿನ ಹತ್ತಿರ ಬಟ್ಟೆ ಅಂಟಿಕೊಂಡಿತ್ತು. ಬಾಟಲಿ ನೀರು ಹನಿಸಿ, ಮೆಲ್ಲಗೆ ಬಿಡಿಸಿದೆ.

ಹೆಬ್ಬೆರಳ ಬುಡದಲ್ಲಿ ಗಾಯ. ಹುಣಸೆ ಬೀಜದಷ್ಟು. ಸುತ್ತ ಬಿಳಿಚಿ ದಪ್ಪಗಟ್ಟಿದ ಚರ್ಮ, ನಡುವೆ ಕೆಂಪು ಗುಂಡಿ. ಅದರ ತಳ ಕಾಣುತ್ತಿರಲಿಲ್ಲ.

ನನಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಕೈ ಅಭ್ಯಾಸಬಲದಿಂದ ತನ್ನ ಕೆಲಸ ಮಾಡಿತು. ಗಾಯ ಬಿಟ್ಟು ಹೆಬ್ಬೆರಳು, ಮೂರನೇ ಬೆರಳು, ಕಿರುಬೆರಳು, ಅಂಗಾಲು, ನಡುಪಾದ, ಹಿಮ್ಮಡಿ. ಎಳೆ ಬಾಗುವವರೆಗೆ ಒತ್ತಿದೆ, ತೆಗೆದೆ. ಹತ್ತು ಕಡೆ. ಅಂಗಡಿಯ ಹೊರಗೆ ಆಟೋ ಹೋಯಿತು. ಮತ್ತೆ ಹತ್ತು ಕಡೆ.

ಕಣ್ಣು ಮುಚ್ಚಿಕೊಂಡೇ, ನಗುತ್ತಲೇ, ಅವರು ಕೇಳಿದರು.

"ಇನ್ನೂ ಶುರು ಮಾಡ್ಲಿಲ್ವಾ?"

ಏಳು ವರ್ಷದಲ್ಲಿ ಎಷ್ಟೋ ಕಾಲು ನೋಡಿದ್ದೆ, ಕತ್ತರಿಸಿ ಹೋದವರನ್ನೂ ನೋಡಿದ್ದೆ. ಯಾವತ್ತೂ ಇಷ್ಟು ಬೆಚ್ಚಿರಲಿಲ್ಲ.

"ಕಣ್ಣು ಬಿಡಿ. ನಿಮಗೆ ಶುಗರ್ ಇದೆ."

"ಐತೆ. ಹದಿನಾಲ್ಕನೇ ವಯಸ್ಸಿಂದ ಇನ್ಸುಲಿನ್ನು" ಎಂದರು, ಊರ ಹೆಸರು ಹೇಳಿದಷ್ಟು ಸಲೀಸಾಗಿ. "ಅದ್ಯಾಕೆ ಹಂಗೆ ಕೇಳ್ತೀರಾ? ನಿಮ್ಗೆ ಗೊತ್ತಲ್ಲ."

"ನನಗೆ ಗೊತ್ತಿಲ್ಲ."

ನಗು ತುಟಿಯ ಮೇಲೆ ಹಾಗೇ ಉಳಿದು, ಕಣ್ಣು ಮಾತ್ರ ಬದಲಾಯಿತು.

"ಸುಬ್ಬರಾಯಪ್ಪನವ್ರು ಹೇಳಲಿಲ್ವಾ? ಮೊದ್ಲು ಅದನ್ನೇ ಹೇಳಿ ಅಂತ ನಮ್ಮಮ್ಮ ಕೈ ಮುಗ್ದು ಕಳ್ಸಿದ್ಲು. ಹೇಳಿದೀನಿ, ಹುಡುಗಿ ಆ ಕಾಯ್ಲೆ ನೋಡೋಳೇ, ಒಪ್ಪವ್ಳೆ ಅಂದ್ರು. ಎಲ್ಲಾ ಗೊತ್ತಿದ್ದೂ ಒಪ್ಪಿದ್ರಲ್ಲ ಅಂತ ನಾನು ಎಷ್ಟು ಸಲ..." ಅವರು ನನ್ನ ಕೈಯ ಕಡ್ಡಿ ನೋಡಿದರು. "ಕೇಸರಿಬಾತ್ ಒಂದೇ ಚಮಚ ಕೊಟ್ರಿ. ನನ್ನ ಕಾಯ್ಲೆ ನೆನಪಿಟ್ಕಂಡು ಕೊಟ್ರು ಅಂದ್ಕಂಡೆ ಕಣ್ರೀ."

ಡಬ್ಬಿಯಲ್ಲಿ ಅಷ್ಟೇ ಉಳಿದಿತ್ತು.

ಹೀಗೆ ಇಬ್ಬರೂ ಐದು ವಾರ ಬೇರೆ ಬೇರೆಯವರನ್ನು ಪ್ರೀತಿ ಮಾಡಿದ್ದೆವು. ನನಗಾಗಿ ಬೆಂಕಿಯ ಮೇಲೆ ನಿಂತವರನ್ನು ನಾನು ಪ್ರೀತಿಸಿದ್ದೆ. ಕಾಯಿಲೆ ತಿಳಿದೂ ಕೈ ಹಿಡಿದವಳನ್ನು ಅವರು ಪ್ರೀತಿಸಿದ್ದರು. ಅಂಥ ಇಬ್ಬರು ಈ ಲೋಕದಲ್ಲೇ ಇರಲಿಲ್ಲ.

ಫೋನಿನಲ್ಲಿ ಅಂಗಾಲಿನ ಫೋಟೊ ತೆಗೆದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇದು ಯಾರ ಕಾಲು?" ಎಂದರು.

ಅವರು ಬಗ್ಗಿ, ಕಾಲು ತಿರುಗಿಸಿ, ತಾವೇ ನೋಡಿಕೊಂಡರು. ಮುಖದ ರಕ್ತವೆಲ್ಲ ಇಳಿದುಹೋಯಿತು. "ನೋವೇ ಇಲ್ವಲ್ರೀ. ಒಂಚೂರೂ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಯಾವ ಡಾಕ್ಟ್ರೂ ನನ್ನ ಶೂ ಬಿಚ್ಚು ಅಂದಿಲ್ಲ."

"ಯಾವಾಗ ಶುರುವಾಯ್ತು? ನೆನಪು ಮಾಡ್ಕೊಳ್ಳಿ."

"ಒಂದು ಗುಳ್ಳೆ ಇತ್ತು. ಶೂ ಕಚ್ಚಿರಬೇಕು ಅಂತ ಬಿಟ್ಟೆ. ಯಾವಾಗ ಅಂದ್ರೆ... ಲೇಪಾಕ್ಷಿಯಿಂದ ಬಂದ ಮಾರನೇ ದಿನ. ಸ್ನಾನ ಮಾಡ್ವಾಗ ಕಂಡಿದ್ದು."

ಅಂಗಡಿಯ ಗೋಡೆ, ಮೋಟರ್‌ಗಳು, ತಂತಿಯ ಸುರುಳಿ ಎಲ್ಲ ಒಮ್ಮೆ ದೂರ ಹೋಗಿ ಹತ್ತಿರ ಬಂದವು.

ಶೂ ಕಚ್ಚಿದ್ದಲ್ಲ. ಸುಟ್ಟ ಗುಳ್ಳೆ. ನಾನು ವಾಚು ನೋಡುತ್ತ ನಿಲ್ಲಿಸಿದ ಹತ್ತು ನಿಮಿಷ.

ಅವರಿಗೆ ಅದನ್ನು ಹೇಳಲಾರದೆ ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟೆ. ನಾಡಿ ಸಿಗುವ ಜಾಗ ಅದು. ರಕ್ತ ಓಡದಿದ್ದರೆ ಯಾವ ಗಾಯವೂ ಮಾಯುವುದಿಲ್ಲ. ಮೊದಲು ಏನೂ ಸಿಗಲಿಲ್ಲ. ಬೆರಳು ಒಂದಿಷ್ಟು ಸರಿಸಿದೆ. ಸಿಕ್ಕಿತು. ಟಪ್, ಟಪ್. ನನ್ನ ಕಣ್ಣಲ್ಲಿ ನೀರು ಬಂದದ್ದು ಆಗ.

"ವಾಣಿಯವ್ರೇ" ಎಂದರು, ತುಂಬ ಮೆತ್ತಗೆ. "ನೀವು ಈಗ ಬೇಡ ಅಂದ್ರೂ ನಾನು ತಪ್ಪು ತಿಳಿಯಲ್ಲ. ಗೊತ್ತಿಲ್ದೆ ಒಪ್ಪಿದ್ದು ಒಪ್ಪಿಗೆ ಅಲ್ಲ. ನಾನೇ ನಿಮ್ಮನೆಗೆ ಬಂದು ಹೇಳ್ತೀನಿ."

"ನೀವು ಎಲ್ಲಿಗೂ ಬರೋದು ಬೇಡ. ಆ ಕಾಲು ನೆಲಕ್ಕಿಡಬೇಡಿ. ಕಾರು ಯಾರ ಹತ್ರ ಸಿಗುತ್ತೆ? ಈಗ್ಲೇ ಹಿಂದೂಪುರಕ್ಕೆ ಹೋಗ್ಬೇಕು."

"ನಾನು ಕೇಳಿದ್ದು ಬೇರೆ."

"ನಾನು ಕಾಲಿನ ನರ್ಸು. ಮೊದ್ಲು ಕಾಲು."

ಐದು ಗಂಟೆಗೆ ಅವರು ಕ್ಲಿನಿಕ್ಕಿನ ಹಾಸಿಗೆಯ ಮೇಲೆ ಮಲಗಿದ್ದರು. ಜೊತೆಗೆ ಕಾರಿನಲ್ಲಿ ಬಂದಿದ್ದ ಉಮಾದೇವಿಯಮ್ಮ ಬಾಗಿಲ ಬಳಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ನಾನು ಗ್ಲೌಸ್ ಹಾಕಿಕೊಂಡು ಗಾಯದ ಆಳ ನೋಡುವ ಸ್ಟೀಲ್ ಕಡ್ಡಿ ತೆಗೆದುಕೊಂಡೆ. ಡಾಕ್ಟರ್ ರಘುನಾಥ್ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಮನೆಯವರ ಕಾಲು ನೀನು ನೋಡಬೇಡಮ್ಮ. ನೀನು ಬರಕೋ."

ಮನೆಯವರು ಎಂದದ್ದನ್ನು ಯಾರೂ ತಿದ್ದಲಿಲ್ಲ.

ದಪ್ಪ ಚರ್ಮ ಹೆರೆದರು, ಗಾಯ ತೊಳೆದರು, ಅಳೆದರು. ನಾನು ಬರೆದೆ. ಉದ್ದ ಒಂದೂವರೆ ಸೆಂಟಿಮೀಟರ್. ಅಗಲ ಒಂದು. ಕೀವು ಇಲ್ಲ. ನಾಡಿ ಇದೆ. ಎಡ ಅಂಗಾಲಲ್ಲಿ ಗಾಯವಿಲ್ಲ. ಕೊನೆಗೆ ಕಡ್ಡಿಯನ್ನು ಒಳಗೆ ಇಳಿಸಿದರು. ಮೂಳೆ ಸಿಕ್ಕಿದರೆ ಕಲ್ಲಿಗೆ ತಾಗಿದ ಹಾಗೆ ಟಕ್ ಅನ್ನುತ್ತದೆ. ಮೂಳೆಗೆ ಸೋಂಕು ಇಳಿದಿದ್ದರೆ ಗ್ರೇಡ್ ಮೂರು. ಆಮೇಲೆ ಹೆಬ್ಬೆರಳು ಉಳಿಯುವ ಮಾತು ಯಾರೂ ಆಡುವುದಿಲ್ಲ. ಬೆರಳು ಹೋದವರು ವರ್ಷ ತುಂಬುವುದರೊಳಗೆ ಪಾದಕ್ಕಾಗಿ ಮತ್ತೆ ಬಂದದ್ದನ್ನು ನಾನು ನೋಡಿದ್ದೇನೆ.

ಅವರು ನನ್ನನ್ನೇ ನೋಡುತ್ತಿದ್ದರು. ನೋವಿಲ್ಲದ ಕಾಲಿನ ಸುದ್ದಿಯನ್ನು ನನ್ನ ಮುಖದಲ್ಲಿ ಓದುತ್ತಿದ್ದರು.

ಕಡ್ಡಿ ಮೆತ್ತಗೆ ನಿಂತಿತು. ಟಕ್ ಅನ್ನಲಿಲ್ಲ.

"ಎಕ್ಸ್-ರೇ ಮಾಡಿಸಿ" ಎಂದರು ಡಾಕ್ಟರ್. ಎಕ್ಸ್-ರೇ ಬಂತು. ಲೈಟಿಗೆ ಹಿಡಿದು ನೋಡಿ, ಮತ್ಯಾರದೋ ಬಿ.ಪಿ. ಹೇಳಿದಂತೆ ಹೇಳಿದರು. "ಮೂಳೆ ಚೆನ್ನಾಗಿದೆ. ಆಳ ಇದೆ, ಆದರೆ ಕೀವಿಲ್ಲ. ಗ್ರೇಡ್ ಎರಡು ಬರಿ. ಪ್ಲಾಸ್ಟರ್ ಹಾಕೋಣ. ಎಂಟು ವಾರ ಆ ಜಾಗಕ್ಕೆ ಭಾರ ಬೀಳಕೂಡದು. ಬಿತ್ತೋ, ಎರಡು ಮೂರಾಗೋದಕ್ಕೆ ಹದಿನೈದು ದಿನ ಸಾಕು. ಗಾಯದ ಕಾರಣ ಏನು ಬರೆದೆ?"

ಆ ಕಾಲಂ ಖಾಲಿ ಇತ್ತು. ಅಲ್ಲಿಯವರೆಗೆ ಅದನ್ನು ಬಿಟ್ಟು ಬಿಟ್ಟು ಬರೆದಿದ್ದೆ.

"ಶೂ ಕಚ್ಚಿದ್ದು ಸಾರ್" ಎಂದರು ಜಯಚಂದ್ರ.

"ಅಲ್ಲ ಸಾರ್" ಎಂದೆ. ಬರೆಯುತ್ತಲೇ ಓದಿದೆ. "ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಹತ್ತು ನಿಮಿಷ ನಿಂತದ್ದು."

"ಹತ್ತು ನಿಮಿಷ ಯಾಕಪ್ಪಾ ನಿಂತೆ?"

"ನಾನು ನಿಲ್ಲಿಸಿದ್ದು ಸಾರ್. ಲೇಪಾಕ್ಷಿಯಲ್ಲಿ. ನಾನು ನೆರಳಲ್ಲಿ ಕೂತಿದ್ದೆ. ಪಕ್ಕದಲ್ಲಿ ಜಾಗ ಇತ್ತು. ನನಗೋಸ್ಕರ ಎಷ್ಟು ಹೊತ್ತು ನಿಲ್ತಾರೆ ನೋಡೋಣ ಅಂತ... ಕರೀಲಿಲ್ಲ." ಫಾರ್ಮಿನ ಮೇಲೆ ಹನಿ ಬಿದ್ದು ಶಾಯಿ ಕದಡಿತು.

ಉಮಾದೇವಿಯಮ್ಮ ಗೋಡೆಗೆ ಆನಿಕೊಂಡರು. ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಜಯಚಂದ್ರ ಬೆರಗಾಗಿ ನೋಡುತ್ತಲೇ ಇದ್ದರು. ಅಷ್ಟರಲ್ಲಿ ಅವರನ್ನು ಪ್ಲಾಸ್ಟರ್ ಕೋಣೆಗೆ ಕರೆದುಕೊಂಡು ಹೋದರು.

ಅಪ್ಪ ಬಂದರು. ಯಾರು ಸುದ್ದಿ ಮುಟ್ಟಿಸಿದರೋ, ಕಾರಿಡಾರಿನ ಆ ಕೊನೆಯಿಂದಲೇ ಅವರ ದನಿ ಕೇಳಿಸಿತು.

"ಎರಡು ಕಡೆನೂ ಒಪ್ಪಿಗೆ ಆದ್ಮೇಲೆ ಮೆಲ್ಲಗೆ ಹೇಳಾನ ಅಂತಿದ್ದೆ ಅಂತಾನೆ ಆ ಸುಬ್ಬರಾಯಪ್ಪ! ತಾಳಿ ಕಟ್ಟಿದ್ಮೇಲೆ ಹೇಳ್ತಿದ್ನೇನೋ! ಹಲ್ಲು ಮುರೀತೀನಿ ಅವನ್ದು!"

ಉಮಾದೇವಿಯಮ್ಮ ಓಡಿಬಂದು ಎರಡೂ ಕೈ ಜೋಡಿಸಿದರು. "ಅಣ್ಣಾ, ನಾವು ಮುಚ್ಚಿಟ್ಟಿಲ್ಲ ಕಣಣ್ಣಾ. ಹೇಳಿ ಅಂತ್ಲೇ ಕಳ್ಸಿದ್ವಿ. ಈಗ್ಲೂ ನಿಮ್ಮ ಮಗಳ ಮೇಲೆ ಬಲವಂತ ಇಲ್ಲ."

ಅಪ್ಪ ಅವರತ್ತ ನೋಡಲಿಲ್ಲ. ನನ್ನತ್ತ ನೋಡಿದರು. ಏಳು ವರ್ಷ ರಾತ್ರಿ ಊಟಕ್ಕೆ ಕೂತಾಗ ನನ್ನ ಬಾಯಲ್ಲಿ ಬರೀ ಕಾಲಿನ ಕಥೆ ಕೇಳಿದ ಮನುಷ್ಯ. ಊಟ ಮಾಡುವಾಗ ಬೇಡ ಕಣಮ್ಮ ಎನ್ನುತ್ತಲೇ ಎಲ್ಲವನ್ನೂ ಕಲಿತಿದ್ದರು.

"ಎಷ್ಟನೇ ಗ್ರೇಡು?"

"ಎರಡು."

"ಎರಡು ವಾಸಿಯಾಗ್ತೈತೆ ಅಂತಿದ್ದೆ ನೀನು."

"ಆಗುತ್ತೆ. ಕಾಲು ಕಾಯ್ಕೊಂಡ್ರೆ ಆಗುತ್ತೆ. ಆದ್ರೆ ಸ್ಪರ್ಶ ಮತ್ತೆ ಬರಲ್ಲಪ್ಪಾ. ಜೀವನಪೂರ್ತಿ ದಿನಾ ಯಾರಾದ್ರೂ ಆ ಅಂಗಾಲು ನೋಡ್ತಾ ಇರ್ಬೇಕು."

"ಮೂರಾಗಿದ್ರೆ?"

"ಮೂರಾಗಿದ್ರೂ ನಾನು ನೋಡ್ತಿದ್ದೆ. ನನಗೆ ಅವರೇ ಬೇಕು."

ಹೇಳಿದ ಮೇಲೆ ನನಗೇ ದಿಗಿಲಾಯಿತು. ಅಪ್ಪನಿಗೂ ಆಯಿತೆಂದು ಕಾಣುತ್ತದೆ, ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಪ್ಲಾಸ್ಟರ್ ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿಂದ ವೀಲ್‌ಚೇರು ಹೊರಗೆ ಬಂದು ನಿಂತಿತ್ತು. ಮೊಣಕಾಲವರೆಗೆ ಬಿಳಿ ಪ್ಲಾಸ್ಟರ್, ಅದರ ಮೇಲೆ ಅವರ ಎರಡು ಕೈ. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅಪ್ಪ ಅವರೆದುರು ಹೋಗಿ ನಿಂತರು. ನಾನು ಕಣ್ಣು ಮುಚ್ಚಿದೆ.

"ನೋಡಪ್ಪಾ, ಧಾರೆ ದಿನ ನಿನ್ನ ಕಾಲು ತೊಳೆಯೋನು ನಾನು. ಗಾಯ ಇರೋ ಕಾಲಿಗೆ ನೀರು ಹಾಕಲ್ಲ. ಜೂನ್ ಬೇಡ. ಆಷಾಢ ಕಳೀಲಿ, ಶ್ರಾವಣಕ್ಕೆ ಮಾಡಾನ. ಗಾಯ ಮುಚ್ಕಳ್ಲಿಲ್ಲ ಅಂದ್ರೆ ಕಾರ್ತೀಕ. ವಾಸಿ ಮಾಡ್ಕಂಡು ಬಾ."

ಜಯಚಂದ್ರ ತಲೆಯಾಡಿಸಿದರು. ಅಪ್ಪ ಉಮಾದೇವಿಯಮ್ಮನತ್ತ ತಿರುಗಿ, "ಬಾಮ್ಮಾ, ಕಾಫಿ ಕುಡಿಯಾನ, ನೀನೂ ಹೊತ್ತಾರೆಯಿಂದ ಏನೂ ತಿಂದಂಗೆ ಕಾಣಲ್ಲ" ಎಂದು ಕರೆದುಕೊಂಡು ಹೊರಟರು.

ಕಾರಿಡಾರಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತೆ. ಅವರು ಎರಡು ಹೆಜ್ಜೆ ದೂರದಲ್ಲಿ, ವೀಲ್‌ಚೇರಿನಲ್ಲಿ. ಅವರ ನೋಟ ನನ್ನ ಮುಖಕ್ಕೆ ಬಂದು, ನೋಟಿಸ್ ಬೋರ್ಡಿಗೆ ಹಾರಿ, ಮತ್ತೆ ಬಂತು.

"ನಿಮ್ಗೆ ಒಂದು ನಿಜ ಹೇಳ್ಬೇಕು" ಎಂದರು.

ಇನ್ನೊಂದು ನಿಜವೇ? "ಹೇಳಿ."

"ಕಲ್ಲು ಕಾದಿರೋದು ಗೊತ್ತಾಗಿದ್ರೆ ನಾನು ಆವತ್ತು ಹತ್ತು ನಿಮಿಷ ಏನು, ಒಂದು ನಿಮಿಷಾನೂ ನಿಲ್ತಿರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ನಿಜವೇ ಅಲ್ಲವೇ. ಯಾರು ನಿಲ್ಲುತ್ತಾರೆ? ನಾನು ಐದು ವಾರ ಬೆಡ್‌ಶೀಟಿನ ಜೊತೆ ಎದೆಗವಚಿಕೊಂಡದ್ದು ಬರೀ ಒಂದು ಮರಗಟ್ಟಿದ ಕಾಲನ್ನು.

"ಕುಪ್ಪಳಿಸ್ಕಂಡು ಓಡಿ ಬಂದು ನಿಮ್ಮ ಪಕ್ಕ ಕೂತ್ಕಂಬುಡ್ತಿದ್ದೆ" ಎಂದರು. "ಅಲ್ಲಿ ಜಾಗ ಇರೋದು ಬಂದಾಗಿಂದ ನೋಡ್ತಾನೇ ಇದ್ದೆ. ಬರಕ್ಕೆ ಒಂದು ನೆಪ ಸಿಗ್ಲಿಲ್ಲ, ಅಷ್ಟೇ."

ನಾನು ಎದ್ದು ಹೋಗಿ ವೀಲ್‌ಚೇರನ್ನು ಬೆಂಚಿನ ಹತ್ತಿರಕ್ಕೆ ತಳ್ಳಿಕೊಂಡು ಬಂದೆ. "ಎಡಗಾಲು ಮಾತ್ರ ಊರಬೇಕು. ನನ್ನ ಹೆಗಲು ಹಿಡ್ಕೊಳ್ಳಿ" ಎಂದೆ. ಅವರು ಹಿಡಿದುಕೊಂಡರು. ವಾರ್ನಿಷ್ ವಾಸನೆ, ಬೆಚ್ಚಗಿನ ಅಂಗೈ. ಆ ಅಂಗೈಗೆ ಎಲ್ಲವೂ ಗೊತ್ತಾಗುತ್ತಿತ್ತು.

ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟೆ. ಅವರು ಬಂದು ಪಕ್ಕದಲ್ಲಿ ಕೂತರು.